ಉಸಿರಿರುವ ತನಕದ ಕಾಗದ

ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಬೀಗದಣ್ಣ ತನ್ನ ಪರವಾಗಿ ಸಹಿ ಹಾಕುವ ಅಧಿಕಾರವನ್ನು ತಂಗಿಗೆ ಬರೆದುಕೊಟ್ಟಿದ್ದ. ಕೆಲಸ ಒಂದೇ: ಕೀಲಿಕೈ ಮಾಡುವ ಆ ಪುಟ್ಟ ಅಂಗಡಿಯನ್ನು, ಹತ್ತೊಂಬತ್ತು ವರ್ಷ ಜೊತೆಗೆ ಕೂತು ಅರ ಉಜ್ಜಿದ ಕೆಲಸದವನ ಹೆಸರಿಗೆ ಮಾಡಿಸುವುದು. "ನನ್ನ ಮಗನ ಕೈಗೆ ಸಿಕ್ಕರೆ ಮಾರನೇ ದಿನವೇ ಇವನನ್ನ ಬೀದಿಗೆ ಹಾಕ್ತಾನೆ" ಅಂತ ತೊದಲುತ್ತ ಹೇಳಿದ್ದ.

ಆ ಅಧಿಕಾರಪತ್ರ ತಯಾರಿಸಿದ, ನೋಂದಣಿ ಕಚೇರಿಯ ಪತ್ರ ಬರೆಯುವವರು ಅವತ್ತೇ ಬಿಡಿಸಿ ಹೇಳಿದ್ದರು. "ಅಮ್ಮಾ, ಈ ಕಾಗದದ ಜೀವ ನಿಮ್ಮಣ್ಣನ ಜೀವದ ಜೊತೆ. ಅವರು ಹೋದ ಗಳಿಗೆಗೆ ಇದೂ ಹೋಯ್ತು. ತಡ ಮಾಡಬೇಡಿ."

ಅವಳು ತಡ ಮಾಡಿದಳು. ಒಂದಲ್ಲ, ಮೂರು ವಾರ. ಕಾಗದ ಹಿಡಿದು ಹೊರಟರೆ, ಅಣ್ಣ ಇನ್ನು ಏಳುವುದಿಲ್ಲ ಅಂತ ತಾನೇ ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು. "ಮುಂದಿನ ವಾರ ನೀನೇ ಬಂದು ಎಡಗೈಲಿ ಗೀಚು. ನಂಗೇನು ಬೇರೆ ಕೆಲಸ ಇಲ್ವಾ?" ಅಂತ ರೇಗಿಸುವಳು. ಅವನು ಅರ್ಧ ಬಾಯಲ್ಲಿ ನಗುವನು.

ಕೊನೆಗೆ ಇವತ್ತು ನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ನರ್ಸ್ ಹೇಳಿದ್ದು ಎರಡೇ ಮಾತು. ಅವಳು "ಹೂಂ" ಅಂದು ಫೋನನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಎಳೆದು ಮುಚ್ಚಿದಳು.

ಕೆಲಸದವನು ಜೆರಾಕ್ಸ್ ಮಾಡಿಸಲು ಹೋಗಿದ್ದ. ಪತ್ರ ಬರೆಯುವವರು ಮಾತ್ರ ಪಕ್ಕದಲ್ಲಿದ್ದರು. ಅವಳ ಮುಖ ನೋಡಿಯೇ ತಿಳಿದುಕೊಂಡು, ದನಿ ತಗ್ಗಿಸಿದರು. "ಫೋನ್ ಯಾರದ್ದು ಅಂತ ನಾನು ಕೇಳಲ್ಲ. ಮುಂದಿನ ಟೋಕನ್ ನಿಮ್ಮದೇ."

ಅಷ್ಟರಲ್ಲಿ ಕೆಲಸದವನು ಬಂದ. ಹೊಸ ಅಂಗಿ, ಕಾಲರಿನಲ್ಲಿ ಗುಂಡುಪಿನ್ನು ಹಾಗೇ ಇತ್ತು. "ನೋಡಿ ಅಕ್ಕಾ, ಫೋಟೋದಲ್ಲಿ ಕಳ್ಳನ ಥರ ಬಿದ್ದೀನಿ. ಇಂಥ ಮುಖದವನಿಗೆ ಯಾರು ತಮ್ಮ ಮನೆ ಕೀಲಿ ಕೊಡ್ತಾರೆ?"

ಅವಳು ಅವನ ಕಾಲರಿನ ಪಿನ್ನು ತೆಗೆದಳು.

ಒಳಗೆ ಅಧಿಕಾರಿ ಹಾಳೆ ತಿರುವುತ್ತ, ತಲೆ ಎತ್ತದೆ, ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಕೇಳಿದರು. "ಅಧಿಕಾರ ಕೊಟ್ಟವರು ಬದುಕಿದ್ದಾರಲ್ಲ?"

ಹೂಂ ಅಂದರೆ ಸಾಕಿತ್ತು. ಅಣ್ಣನ ಮಾತೂ ಉಳಿಯುತ್ತಿತ್ತು, ಇವನ ಅನ್ನವೂ ಉಳಿಯುತ್ತಿತ್ತು. ಆದರೆ ಅಣ್ಣನ ಹೆಸರಲ್ಲಿ ತಾನು ಆಡುವ ಮೊದಲ ಮಾತೇ ಸುಳ್ಳಾಗಬೇಕಾ? ನಾಳೆ ಅವನ ಮಗ ಸತ್ತ ಗಳಿಗೆಯ ಲೆಕ್ಕ ತೆಗೆದು ಕೋರ್ಟಿಗೆ ಹೋದರೆ ಕಟಕಟೆಯಲ್ಲಿ ನಿಲ್ಲುವವನು ಈ ಹೊಸ ಅಂಗಿಯವನೇ.

"ಇಲ್ಲ ಸಾರ್," ಅಂದಳು. "ಈಗ ಅರ್ಧ ಗಂಟೆ ಆಯ್ತು."

ಬಾಯಿಬಿಟ್ಟು ಹೇಳಿದ ಮೇಲೆಯೇ ಅಣ್ಣ ಸತ್ತಿದ್ದು ಅವಳಿಗೆ ನಿಜವಾಯಿತು. ಅಧಿಕಾರಿ ಕಾಗದವನ್ನು ಮೆಲ್ಲಗೆ ಇವಳ ಕಡೆಗೆ ಸರಿಸಿದರು.

ಪಕ್ಕದಲ್ಲೇ ಇದ್ದು ಎಲ್ಲ ಕೇಳಿಸಿಕೊಂಡ ಕೆಲಸದವನು ಅಂಗಡಿಯ ಮಾತೇ ಎತ್ತಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ತನ್ನ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ಚಾಚಿದ. ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಸವೆದ ಕೀಲಿ. "ಇದು ನಿಮ್ಮ ಹತ್ರ ಇರಲಿ ಅಕ್ಕಾ."

"ಅದನ್ನ ಇಸ್ಕೊಳ್ಳೋ ಅಧಿಕಾರಾನೂ ಈಗ ನಂಗಿಲ್ಲ ಕಣೋ. ಮೂರು ವಾರ ಇತ್ತು."

"ನಡೀರಿ," ಅಂದ ಅವನು, ಕೀಲಿಯನ್ನು ಏನು ಮಾಡಬೇಕೋ ತಿಳಿಯದೆ ಮುಷ್ಟಿಯಲ್ಲೇ ಹಿಡಿದು. "ಅಲ್ಲಿ ಅಣ್ಣ ಒಬ್ಬರೇ ಇದ್ದಾರೆ."