ಎಡಗಡೆಯ ಸದ್ದು

ಬಲಗಿವಿಯ ಬೆಂಡೋಲಿ ಸುಲಭವಾಗಿ ಕೈಗೆ ಬಂತು. ಎಡಗಿವಿಯದರ ತಿರುಪು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನೆರೆಮನೆಯ ಸಕ್ಕುಬಾಯಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೊಮ್ಮೆ ತಿರುವಿದಳು.

"ಜೋರ ಎಳೀಬ್ಯಾಡ ಬೇ, ಕಿವಿ ಹರದೀತು," ಎಂದಳು ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಹೆಂಗಸು.

"ಸತ್ತಾಕಿಗಿ ಏನ್ ನೋಯ್ತದ? ಈ ಕಿವೀನೇ ಈಕೀನ್ನ ನುಂಗಿದ್ದು. ಹೊತ್ತಿಲ್ಲ ಗೊತ್ತಿಲ್ಲ, ಅದೊಂದು ಹೆಡ್‌ಫೋನ್ ಏರಿಸ್ಕೊಂಡು ಕುಂಡ್ರತಿದ್ಲು. ಟ್ರ್ಯಾಕ್ಟರ್ ಬಂದದ್ದು ಹ್ಯಾಂಗ ಕೇಳಸ್ಬೇಕು?"

ಬಸವೇಶ್ವರಿಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ತಲೆ ವಾಲದಿರಲೆಂದು ಹಣೆಗೆ ಬಿಳಿ ಅರಿವೆ ಕಟ್ಟಿ ಗೋಡೆಯ ಗೂಟಕ್ಕೆ ಬಿಗಿದಿದ್ದರು. ಹಿಂದಿನ ದಿನ ಸಂಜೆ ನಾಲ್ಕರ ಸುಮಾರಿಗೆ ಮಾದನಹಿಪ್ಪರಗಾದ ಬಸ್ ನಿಲ್ದಾಣದ ಎದುರು ಕಬ್ಬಿನ ಟ್ರ್ಯಾಕ್ಟರ್ ಬಡಿದು ಅವಳು ಅಲ್ಲೇ ಸತ್ತಿದ್ದಳು. ಆಳಂದದ ಆಸ್ಪತ್ರೆಯಿಂದ ಹೆಣ ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ. ಅವಳಿಗೆ ನಲವತ್ತೇಳು ವರ್ಷ.

ಮಗಳು ವಿದ್ಯಾವತಿ ತಾಯಿಯ ಪಾದದ ಹತ್ತಿರ ಕೂತಿದ್ದಳು. ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದವಳು ಮೊದಲ ಬಸ್ಸಿಗೆ ಬಂದಿಳಿದಿದ್ದಳು. ಫೋನಿನಲ್ಲಿ ಅಪ್ಪ ಹೇಳಿದ್ದೂ ಇದೇ ಮಾತು: "ಹೆಡ್‌ಫೋನ್ ಹಾಕ್ಕೊಂಡು ರಸ್ತಾ ದಾಟಾಕ ಹೋಗ್ಯಾಳ." ಈಗಲೂ ಅಂಗಳದಿಂದ ಅವನ ದನಿ ಕೇಳುತ್ತಿತ್ತು. ಮಣ್ಣಿಗೆ ಬಂದ ಪ್ರತಿಯೊಬ್ಬರಿಗೂ ಅವನು ಅದನ್ನೇ, ಅದೇ ಶಬ್ದಗಳಲ್ಲಿ ಹೇಳುತ್ತಿದ್ದ.

ಶಿವರಾಯನ ದನಿಯನ್ನು ಆ ಕಡೆಯ ಹಳ್ಳಿಗಳವರೆಲ್ಲ ಬಲ್ಲರು. ಬಸವ ಜಯಂತಿ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ಶರಣರ ಕುರಿತು ಮಾತಾಡಲು ಅವನೇ ಬೇಕು. ಟ್ರ್ಯಾಕ್ಟರ್ ಚಾಲಕನದು ತಪ್ಪಿಲ್ಲ, ತನ್ನ ಹೆಂಡತಿಯದೇ ಲಕ್ಷ್ಯ ಇರಲಿಲ್ಲ ಎಂದು ರಾತ್ರಿಯೇ ಪೊಲೀಸರ ಮುಂದೆ ಹೇಳಿಕೆ ಬರೆದುಕೊಟ್ಟಿದ್ದ.

"ದೊಡ್ಡ ಮನಸ ಅದರೀ ನಿಮ್ದು," ಎಂದು ಯಾರೋ ಅಂದದ್ದು ಒಳಗಿನವರೆಗೂ ಕೇಳಿಸಿತು.

*

ಆ ಹೆಡ್‌ಫೋನ್ ಕೊಂಡದ್ದು ಲಾಕ್‌ಡೌನಿನಲ್ಲಿ, ವಿದ್ಯಾಳ ಆನ್‌ಲೈನ್ ಪಾಠಕ್ಕೆಂದು. ಆಳಂದ ಬಸ್ ನಿಲ್ದಾಣದ ಪಕ್ಕದ ಜಮೀರನ ಮೊಬೈಲ್ ಅಂಗಡಿಯಲ್ಲಿ ಅತಿ ಅಗ್ಗದ್ದು ಅದೇ. ಮಗಳು ಕಲಬುರಗಿಗೆ ಹೋದ ಮೇಲೆ ಗೂಟಕ್ಕೆ ನೇತಾಡುತ್ತಿತ್ತು. ಒಂದು ಮಧ್ಯಾಹ್ನ ಬಸವೇಶ್ವರಿ ಅದನ್ನು ಹಾಕಿಕೊಂಡು ಫೋನಿನಲ್ಲಿ ತತ್ವಪದ ಹಚ್ಚಿದಳು. ಮರುದಿನವೇ ಅಂಗಡಿಗೆ ಬಂದಳು.

"ತಮ್ಮಾ, ಇದರ ಎಡಗಡಿ ಸತ್ತದ ನೋಡು."

ಜಮೀರ ಹಾಕಿಕೊಂಡು ನೋಡಿದ. ಎರಡೂ ಕಡೆ ಸರಿಯಾಗಿಯೇ ಇತ್ತು. ಹಿಂದುಮುಂದು ಮಾಡಿ, ಎಡಗಡೆಯದನ್ನು ಬಲಕ್ಕೆ ಬರುವಂತೆ ಅವಳ ತಲೆಗೆ ಇಟ್ಟ.

"ಈಗ?"

"ಈಗೂ ಎಡಗಡೀನೇ ಸತ್ತದ."

ಅವನು ಅದನ್ನು ತೆಗೆದು ವೈರು ಸುತ್ತತೊಡಗಿದ. "ಇದು ಛಲೋ ಅದರಿ ಅಕ್ಕಾರ," ಎಂದ ಜಮೀರ ಕೊನೆಗೆ, ಅವಳ ಮುಖ ನೋಡದೆ.

ಆ ಕಿವಿ ಮಂದವೆಂದು ಅವಳಿಗೆ ಗೊತ್ತಿತ್ತು. ಯಾರಾದರೂ ಎಡಗಡೆಯಿಂದ ಕೂಗಿದರೂ ಅವಳು ಬಲಕ್ಕೇ ತಿರುಗುತ್ತಿದ್ದಳು. ಎಷ್ಟು ಮಂದವೆಂದು ಗೊತ್ತಿರಲಿಲ್ಲ. ಮಗಳಿಗೂ ತಿಳಿಸದೆ ಕಲಬುರಗಿಯ ವೈದ್ಯರಲ್ಲಿಗೆ ಒಮ್ಮೆ ಹೋಗಿ ಬಂದಳು. ಕಿವಿಗೆ ಯಂತ್ರ ಹಾಕಿಸಬೇಕು ಅಂದರು. "ಕೆಪ್ಪಿ ಅಂತ ಊರಿಗೆಲ್ಲ ಡಂಗುರ ಹೊಡೀಬೇಕೇನು?" ಎಂದ ಶಿವರಾಯ. ಅಲ್ಲಿಗೆ ಆ ಮಾತು ಮುಗಿಯಿತು.

ಜಮೀರ ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ತೆರೆಯ ಮೇಲೆ ಎಡಗಿವಿಗೊಂದು ಸಾಲು, ಬಲಗಿವಿಗೊಂದು ಸಾಲು ಗೆರೆಗಳು. ಮೊದಲ ಗೆರೆ ಡಗ್ಗಾದಂಥ ದಪ್ಪ ದನಿಗೆ, ಕೊನೆಯದು ತಾಳದ ಕಿಣಿಕಿಣಿಗೆ. ಬೇಕಾದ್ದನ್ನು ಬೆರಳಿನಿಂದ ಮೇಲೆ ಸರಿಸಬೇಕು, ಬೇಡವಾದ್ದನ್ನು ಇಳಿಸಬೇಕು. ಊಟದ ಕೆಲಸ ಮುಗಿದ ಮೇಲೆ ದಿನವೂ ಅವಳು ಅದನ್ನು ಹಿಡಿದು ಕೂರುತ್ತಿದ್ದಳು. ಎಡಗಡೆಯದನ್ನು ಏರಿಸಿದಷ್ಟೂ ಆ ಅಗ್ಗದ ಸ್ಪೀಕರ್ ಹರಿದ ಡಬ್ಬಿಯಂತೆ ಗರಗರ ಎನ್ನುತ್ತಿತ್ತು. ಹಾಗಾಗಿ ಬಿಚ್ಚಿದಳು. ಹಿಂಬದಿಯ ಖಾಲಿ ಜಾಗಕ್ಕೆ ಗಾದಿಯ ಅರಳೆ ತುಂಬಿದಳು. ಹೆಚ್ಚಾದರೆ ಕೊಡದೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು, ಕಡಿಮೆಯಾದರೆ ತಗಡು ಬಡಿದಂತೆ. ಚಿಮಟಿಗೆಯಿಂದ ಒಂದೊಂದೇ ಎಳೆ ತೆಗೆದಳು. ಹೊರಗಿನ ತೂತುಗಳಲ್ಲಿ ಅರ್ಧದಷ್ಟನ್ನು ಗಾಯಕ್ಕೆ ಹಚ್ಚುವ ಪಟ್ಟಿಯಿಂದ ಮುಚ್ಚಿದಳು. ಕಿವಿಯ ಮೆತ್ತೆ ಪುಡಿಪುಡಿಯಾಗಿ ಉದುರಿದಾಗ ಹಳೆಯ ಮಖಮಲ್ ಕುಪ್ಪಸ ಕತ್ತರಿಸಿ ಹೊಸದು ಹೊಲಿದಳು.

ಮೂರು ವಾರ ಕಳೆದ ಮೇಲೆ ಒಂದು ದಿನ, ಹಾಡುವವನ ದನಿ ಬಲಗಡೆಯಿಂದ ಹೊರಟು ಹುಬ್ಬಿನ ನಡುವೆ ಬಂದು ನಿಂತಿತು. ಅವಳು ಒಬ್ಬಳೇ ನಕ್ಕಳು.

ಆಮೇಲೆ ಜಮೀರ ಇನ್ನೊಂದು ವ್ಯವಸ್ಥೆ ಮಾಡಿಕೊಟ್ಟ. ಅವಳು ಫೋನಿನ ಮುಂದೆ ಹಾಡಿದರೆ ಅವಳ ದನಿಯೇ ಎರಡೂ ಕಿವಿಗೆ ಬರುವ ಹಾಗೆ. ಹದಿನೈದು ವರ್ಷಗಳ ಮೇಲೆ ಬಸವೇಶ್ವರಿ ಬಾಯಿ ಬಿಟ್ಟು ಹಾಡಿದಳು, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು. ಆಳಂದದ ಕಾಲೇಜು ಹುಡುಗರು ಜಮೀರನ ಬಳಿ ತರುತ್ತಿದ್ದ ಕೆಟ್ಟ ಸದ್ದಿನ ಹೆಡ್‌ಫೋನುಗಳೂ ಕ್ರಮೇಣ ಅವಳ ಕೈಗೆ ಬಂದವು. ಅವಳು ಅರಳೆ ತುಂಬಿ, ಮೆತ್ತೆ ಹೊಲಿದು ಕಳಿಸುತ್ತಿದ್ದಳು. ಯಾರು ರಿಪೇರಿ ಮಾಡಿದ್ದು ಎಂದು ಆ ಹುಡುಗರಿಗೆ ಗೊತ್ತಿರಲಿಲ್ಲ.

*

ಹನ್ನೊಂದರ ಹೊತ್ತಿಗೆ ಜಮೀರ ಬಂದು ಬಾಗಿಲಾಚೆ ಚಪ್ಪಲಿ ಬಿಟ್ಟು ನಿಂತ. ಕೈಯಲ್ಲಿ ಪ್ಲಾಸ್ಟಿಕ್ ಚೀಲವಿತ್ತು. ವಿದ್ಯಾ ಎದ್ದು ಹೋದಳು. ಅವನು ಅವಳನ್ನು ಹಿತ್ತಲ ಕಡೆ ಕರೆದು ಚೀಲ ಕೊಟ್ಟ. ಒಳಗೆ ಮಖಮಲ್ ಮೆತ್ತೆಯ ಹೆಡ್‌ಫೋನ್ ಇತ್ತು.

"ಇದು ನಿಮ್ಮ ಹತ್ರ ಹ್ಯಾಂಗ ಬಂತು, ಜಮೀರಣ್ಣ?"

"ಪಿನ್ ಮುರದಿತ್ತವ್ವಾ. ನಿನ್ನೆ ಮಧ್ಯಾಹ್ನ ಬಂದು ಕೊಟ್ಟು ಹೋದ್ರು. ನಾಳಿ ಒಯ್ತೇನಿ ತಮ್ಮಾ ಅಂದ್ರು. ಮೂರರ ಬಸ್ಸಿಗಿ ನಾನೇ ಹತ್ತಿಸಿ ಬಂದೇನಿ."

"ಮೂರರ ಬಸ್ಸಿಗಿ?"

"ಹೌದವ್ವಾ. ಬಸ್ ಇಳದ ಮ್ಯಾಲೇ ಅಲ್ಲ ಅದು ಆಗಿದ್ದು? ಕಿವ್ಯಾಗ ಏನೂ ಇರಲಿಲ್ಲ ಅವರಿಗಿ. ಇಲ್ಲಿ ಮಂದಿ ಬ್ಯಾರೆ ಮಾತಾಡಾಕತ್ಯಾರಂತ ಕೇಳಿದೆ. ಅದಕ್ಕ ಅಂಗಡಿ ಮುಚ್ಚಿ ಬಂದೆ."

ತಾಯಿಯ ಫೋನು ವಿದ್ಯಾಳ ಬಳಿ ಇತ್ತು. ಗಾಜು ಸೀಳಿತ್ತು, ಆದರೆ ನಡೆಯುತ್ತಿತ್ತು. ಅವಳು ಹೊಸ ಪಿನ್ನನ್ನು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು, ಕೊನೆಯ ಸಲ ಕೇಳಿದ್ದ ಪದವನ್ನು ಒತ್ತಿದಳು.

ಎಡಗಿವಿಯಲ್ಲಿ ಕಾಸಿದ ಸೂಜಿ ಚುಚ್ಚಿದಂತಾಯಿತು. ಕಿತ್ತು ಕೆಳಗೆ ಹಾಕಿದಳು. ಬಲಗಡೆಯಿಂದ ಯಾರೋ ಗೋಡೆಯಾಚೆ ಪಿಸುಗುಟ್ಟಿದಷ್ಟೇ ಸದ್ದು ಬಂದಿತ್ತು.

ಆ್ಯಪ್ ತೆರೆದು ನೋಡಿದಳು. ಬಲಗಡೆಯ ಗೆರೆಗಳೆಲ್ಲ ತಳದಲ್ಲಿದ್ದವು. ಎಡಗಡೆಯವು ತುದಿ ಮುಟ್ಟಿದ್ದವು. ಇನ್ನೂ ಮೇಲಕ್ಕೆ ಸರಿಸಲು ಜಾಗವೇ ಇರಲಿಲ್ಲ. ಕಿವಿ ವಿಭಾಗದಲ್ಲಿ ಕೆಲಸ ಕಲಿಯುವಾಗ ರೋಗಿಗಳ ಪರೀಕ್ಷೆಯ ಚೀಟಿಗಳನ್ನು ಅವಳು ನೋಡಿದ್ದಳು. ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಷ್ಟ ವರ್ಷದಿಂದ ಹಿಂಗ?"

"ನನಗ ಹೇಳಿಲ್ಲ. ಕೇಳಿದ್ರ ನಗತಿದ್ರು." ಜಮೀರ ತಲೆ ತಗ್ಗಿಸಿದ. "ಒಂದ ಸಲ ಮಾತ್ರ ಅಂದಿದ್ರು. ಇದು ರೋಗ ಅಲ್ಲ ತಮ್ಮಾ, ಬಹುಮಾನ ಅಂತ."

ಹಿತ್ತಲ ಬಾಗಿಲಲ್ಲಿ ಶಿವರಾಯನ ತಾಯಿ ಗುರುಬಾಯಿ ಗೋಡೆ ಹಿಡಿದು ನಿಂತಿದ್ದಳು. ಎಂಬತ್ತರ ಹತ್ತಿರದ ಮುದುಕಿ. ಎಷ್ಟು ಕೇಳಿಸಿಕೊಂಡಿದ್ದಳೋ, ಮೊಮ್ಮಗಳು ತನ್ನತ್ತ ತಿರುಗಿದ್ದೇ ತಡ, ಕೇಳದೆಯೇ ಹೇಳಿದಳು:

"ನಾ ಆಕಿ ಕಿವ್ಯಾಗ ಎಣ್ಣಿ ಬಿಟ್ಟಿದ್ದೆ ಬೇ. ಬಳ್ಳೊಳ್ಳಿ ಹಾಕಿ ಕಾಸಿ, ಎಂಟ ದಿನ ಬಿಟ್ಟಿದ್ದೆ."

"ಯಾಕ ಬಿಟ್ಟಿದ್ದಿ ಆಯಿ? ಏನಾಗಿತ್ತು?"

*

ವಿದ್ಯಾ ಆಗ ಎರಡು ವರ್ಷದ ಕೂಸು. ನಿಂಬರ್ಗಾದಲ್ಲಿ ಶರಣರ ಕುರಿತ ಕಾರ್ಯಕ್ರಮವಿತ್ತು. ಶಿವರಾಯನದು ಭಾಷಣ, ಅದಕ್ಕೂ ಮೊದಲು ಅಕ್ಕನ ಬಳಗದ ಹೆಂಗಸರ ಹಾಡು. ಮುಖ್ಯವಾಗಿ ಹಾಡುವವಳು ಬಸವೇಶ್ವರಿ. ಒಂದು ಹಾಡೆಂದು ಕೂತವಳನ್ನು ಜನ ಏಳಲು ಬಿಡಲಿಲ್ಲ. ಇನ್ನೊಂದು, ಮತ್ತೊಂದು ಎಂದು ಐದು ಹಾಡಿಸಿದರು. ಶಿವರಾಯ ಮಾತಿಗೆ ನಿಂತಾಗ ಊಟದ ಹೊತ್ತಾಗಿತ್ತು. ಹಿಂದಿನ ಸಾಲುಗಳು ಎದ್ದು ಹೋದವು. ಕೊನೆಯಲ್ಲಿ ಊರಿನ ಹಿರಿಯರು ಅವಳಿಗೆ ಶಾಲು ಹೊದಿಸಿದರು, ಅವನಿಗೆ ತೆಂಗಿನಕಾಯಿ ಕೊಟ್ಟರು. "ನಿಮ್ಮ ಮಾತಿಗಿಂತ ನಿಮ್ಮ ಮನಿಯವರ ಹಾಡೇ ಛಲೋ ಇತ್ತು ನೋಡ್ರಿ," ಎಂದು ಒಬ್ಬರು ನಗೆಯಾಡಿದರು. ಶಿವರಾಯನೂ ನಕ್ಕ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಹೊಡೆದ. ಅವಳು ಇನ್ನೂ ಶಾಲು ತೆಗೆದಿರಲಿಲ್ಲ. ಒಂದೇ ಏಟು, ಅಂಗೈಯಿಂದ, ಎಡಗಿವಿಯ ಮೇಲೆ. ರಕ್ತ ಒಂದು ಹನಿ ಬಂದಿತ್ತು. "ಯಾರ ಮುಂದೂ ಅನಬ್ಯಾಡ," ಎಂದು ಗುರುಬಾಯಿ ಸೆರಗಿನಿಂದ ಒರೆಸಿದಳು.

ಆಮೇಲೆ ಬಳಗದಲ್ಲಿ ಹಾಡಲು ಕೂತಾಗ ಬಸವೇಶ್ವರಿಯ ಶ್ರುತಿ ಜಾರಿತು. ಎಡಗಡೆ ಕೂತವರ ದನಿ ಅವಳಿಗೆ ಸಿಗುತ್ತಿರಲಿಲ್ಲ. ಒಂದೆರಡು ಸಲ ಹೀಗಾದ ಮೇಲೆ ಅವಳೇ ಹೋಗುವುದನ್ನು ಬಿಟ್ಟಳು. ಶಾಲು ಹೊದ್ದ ಮೇಲೆ ಸೊಕ್ಕು ಬಂತು ಅಂದರು ಜನ.

*

ಶಿವರಾಯ ಒಳಕೋಣೆಯಲ್ಲಿ ಧೋತರ ಬದಲಿಸಿ ವಿಭೂತಿ ಹಚ್ಚಿಕೊಳ್ಳುತ್ತಿದ್ದ. ವಿದ್ಯಾ ಬಾಗಿಲು ಮುಂದೆ ಮಾಡಿ ನಿಂತಳು.

"ಅಪ್ಪಾ, ಅವ್ವನ ಹೆಡ್‌ಫೋನ್ ನಿನ್ನೆ ಜಮೀರಣ್ಣನ ಅಂಗಡ್ಯಾಗಿತ್ತು."

"ಇರ್ಲಿ."

"ನೀವು ಪೊಲೀಸರಿಗಿ ಬ್ಯಾರೇನೇ ಬರದ ಕೊಟ್ಟೀರಿ."

"ನೋಡಿದವರು ಹೇಳಿದ್ರು, ಬರದೆ."

"ಯಾರು ನೋಡಿದವರು?"

ಅವನು ಕನ್ನಡಿಯಲ್ಲಿ ಹಣೆಯ ಮೂರು ಗೆರೆಗಳನ್ನು ನೋಡಿಕೊಂಡ. "ಆಯಿ ಏನರ ಅಂದಳೇನು?"

ವಿದ್ಯಾ ಕನ್ನಡಿಯೊಳಗಿನ ಅವನ ಕಣ್ಣುಗಳನ್ನೇ ನೋಡಿದಳು.

"ಒಂದ ಏಟು," ಎಂದ ಶಿವರಾಯ. ದನಿ ಏರಲಿಲ್ಲ. "ಇಷ್ಟ ವರ್ಷದ ಸಂಸಾರದಾಗ ಒಂದೇ ಏಟು. ಯಾರ ಮನ್ಯಾಗ ಇಲ್ಲ ಹೇಳು ನೋಡೋಣು."

ಆ ಮಾತಿನ ನಡುವೆಯೇ ವಿದ್ಯಾಳಿಗೆ ಊಟದ ಸಾಲು ಕಣ್ಣ ಮುಂದೆ ಬಂತು. ಅಪ್ಪ ಯಾವಾಗಲೂ ಅವ್ವನ ಎಡಕ್ಕೇ ಕೂರುತ್ತಿದ್ದ. ತುತ್ತಿನ ನಡುವೆ ತಗ್ಗಿದ ದನಿಯಲ್ಲಿ ಅನ್ನುತ್ತಿದ್ದ ಮಾತುಗಳು ಮಗಳಿಗೆ ಕೇಳುತ್ತಿದ್ದವು. ಅವ್ವ ರೊಟ್ಟಿ ಮುರಿಯುತ್ತ ಕೂತಿರುತ್ತಿದ್ದಳು. ಎಷ್ಟೊಂದು ಸೈರಣೆ ಎಂದುಕೊಂಡಿದ್ದಳು ವಿದ್ಯಾ.

"ನಿಮಗ ಗೊತ್ತಿತ್ತು," ಎಂದಳು. "ಆ ಕಿವಿ ಕೇಳಸ್ತಿದ್ದಿಲ್ಲ ಅಂತ ನಿಮಗ ಮೊದಲಿಂದ ಗೊತ್ತಿತ್ತು."

"ಸ್ವಾಮ್ಯಾರು ಬಂದಾರ. ಸರಿ ಅತ್ತಾಗ."

"ಒಂದೇ ಒಂದು ಕೇಳ್ತೇನಿ. ಮಣ್ಣ ಕೊಡೋ ಹೊತ್ತಿನ್ಯಾಗ ಆ ಹೆಡ್‌ಫೋನ್ ಮಾತು ಎತ್ತಬ್ಯಾಡ್ರಿ."

ಅವನು ಹೆಗಲ ಮೇಲೆ ಶಲ್ಯ ಸರಿಪಡಿಸಿಕೊಂಡು ಅವಳನ್ನು ದಾಟಿ ಹೋದ.

ಕುಣಿ ತೋಡಿದ್ದು ಸ್ವಂತ ಹೊಲದ ಬದುವಿನಲ್ಲಿ. ಭಜನೆಯವರು ಮುಂದೆ, ಬಾಳೆಯ ಕಂಬ ಕಟ್ಟಿ ಹೆಣ ಕೂರಿಸಿದ ವಿಮಾನ ಹಿಂದೆ. ಅಕ್ಕನ ಬಳಗದ ಹೆಂಗಸರೂ ಬಂದಿದ್ದರು. ಹಿಂದೆ ಅವಳು ಹಾಡುತ್ತಿದ್ದ ಪದವನ್ನು ಶುರುಮಾಡಿ, ಎತ್ತಿಕೊಡುವವರಿಲ್ಲದೆ ನಡುವೆ ನಿಲ್ಲಿಸಿದರು. ಸ್ವಾಮಿಗಳು ಕುಣಿಯ ಗೂಡಿನಲ್ಲಿ ಬಸವೇಶ್ವರಿಯನ್ನು ಕೂರಿಸಿ, ಬಿಲ್ವಪತ್ರೆ, ವಿಭೂತಿ, ಉಪ್ಪು ಹಾಕಿಸಿದರು. ವಿದ್ಯಾ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದಳು.

ಮಣ್ಣು ಮುಚ್ಚಿದ ಮೇಲೆ ಶಿವರಾಯ ಎರಡು ಹೆಜ್ಜೆ ಮುಂದೆ ಬಂದು ಕೈ ಜೋಡಿಸಿದ.

"ಬಂಧುಗಳೇ, ನನ್ನ ಸಹಧರ್ಮಿಣಿ ಮೌನದ ಸಾಕಾರವಾಗಿದ್ದಳು. ನಾನು ಎಷ್ಟೇ ಮಾತಾಡಿದರೂ ಎದುರಾಡಿದವಳಲ್ಲ. ಆದರೆ ಇಂದಿನ ಈ ಯಂತ್ರಗಳ ವ್ಯಾಮೋಹ ಅವಳನ್ನು ನಮ್ಮಿಂದ ಕಸಿದುಕೊಂಡಿತು. ಕಿವಿಗೆ ಯಂತ್ರ ತಗುಲಿಸಿಕೊಂಡು ಲೋಕವನ್ನೇ ಮರೆಯುವ ಯುವಜನತೆಗೆ ಅವಳ ಸಾವು ಪಾಠವಾಗಲಿ…"

"ಸುಳ್ಳು," ಎಂದಳು ವಿದ್ಯಾ. "ಅವ್ವನ ಕಿವ್ಯಾಗ ಏನೂ ಇರಲಿಲ್ಲ."

ಎರಡು ಕೈಗಳು ಬಂದು ಅವಳ ಭುಜ ಹಿಡಿದವು. "ಪೋರಿಗಿ ಸಂಕಟ ಆಗ್ಯದ. ನೀರ ಕೊಡ್ರಿ," ಎಂದಳು ಸಕ್ಕುಬಾಯಿ. ಗುಂಪಿನ ಹಿಂದಿದ್ದ ಜಮೀರ ಬಾಯಿ ತೆರೆದ. ಅಕ್ಕಪಕ್ಕದವರು ಅವನತ್ತ ತಿರುಗಿ ನೋಡಿದ ರೀತಿ ಕಂಡು ಮತ್ತೆ ಮುಚ್ಚಿದ. ಶಿವರಾಯ ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, ಮಾತು ಮುಗಿಸಿದ. ಒಂದಿಬ್ಬರು ಕಣ್ಣೊರೆಸಿಕೊಂಡರು.

ಜನ ಚದುರುವ ಹೊತ್ತಿಗೆ ಜಾಲಿಯ ಮರದ ಕೆಳಗಿಂದ ಒಬ್ಬ ಎದ್ದು ಬಂದ. ಬಂದವನೇ ಶಿವರಾಯನ ಕಾಲ ಮೇಲೆ ಬಿದ್ದ. ಟ್ರ್ಯಾಕ್ಟರ್ ಚಾಲಕ ಮಾಳಿಂಗ. ಠಾಣೆಯಿಂದ ಬಿಟ್ಟ ಕೂಡಲೇ ನಡೆದು ಬಂದಿದ್ದ.

"ನಿಮ್ಮ ಉಪಕಾರ ಸಾಯೋತನಕ ಮರ್ಯಾಂಗಿಲ್ರಿ ಸಾವ್ಕಾರ. ನಾ ಹಾರ್ನ್ ಹೊಡದೇನ್ರಿ. ಮಕ್ಕಳಾಣಿ, ಎರಡ ಸಲ ಹೊಡದೆ. ಅಕ್ಕಾರಿಗಿ ಕೇಳಿಸ್ತು ಕೂಡ."

"ಆತು, ಏಳಪ್ಪ. ಮನಿಗಿ ಹೋಗು," ಎಂದ ಶಿವರಾಯ ಅವಸರದಲ್ಲಿ.

"ಕೇಳಿಸ್ತಾ?" ಸಕ್ಕುಬಾಯಿ ಹತ್ತಿರ ಬಂದಳು. "ಕಿವ್ಯಾಗ ಹೆಡ್‌ಫೋನ್ ಇತ್ತಲ್ಲೋ ಆಕೀದು, ಹ್ಯಾಂಗ ಕೇಳಸ್ತದ?"

"ಏನೂ ಇರಲಿಲ್ಲರಿ ಯವ್ವಾ. ತಲಿ ಮ್ಯಾಲ ಸೆರಗ ಅಷ್ಟೇ ಇತ್ತು." ಮಾಳಿಂಗ ಎದ್ದು ನಿಂತ. ಹೋಗುತ್ತಿದ್ದವರು ನಿಂತರು. ಅವನು ಎಡಗೈ ಎತ್ತಿ ತೋರಿಸಿದ. "ನಾ ಈ ಕಡಿಂದ, ಅಕ್ಕಾರ ಎಡಗಡಿಂದ, ಬರಾಕತ್ತಿದ್ದೆ. ಹಾರ್ನ್ ಹೊಡದ ಕೂಡ್ಲೆ ಅಕ್ಕಾರು ನಡು ರಸ್ತಾದಾಗ ಗಪ್ಪನ ನಿಂತ್ರು. ನಿಂತು, ನನ್ನ ಕಡಿ ನೋಡಲಿಲ್ಲರಿ. ಹಿಂಗ ಆ ಕಡಿ ನೋಡಿದ್ರು. ಯಾಕ ಅಂತ ನನಗ ಇನ್ನಾ ತಿಳೀವಲ್ದು. ಆ ಕಡಿಂದ ಏನೋ ಬರಾಕತ್ತದ ಅನ್ನೋರಂಗ, ಅಂಜಿ, ನನ್ನ ಕಡೀಗೇ ಸರದ್ರು."

ಅವನು ಅವಳಂತೆಯೇ ನಿಂತು, ಎದೆಗೆ ಕೈ ಒತ್ತಿಕೊಂಡು, ಕುತ್ತಿಗೆಯನ್ನು ಬಲಕ್ಕೆ ಹೊರಳಿಸಿ ತೋರಿಸಿದ. ನೆರೆದವರೆಲ್ಲ ಅವನು ನೋಡಿದ ಕಡೆಗೆ ನೋಡಿದರು, ಸಕ್ಕುಬಾಯಿ, ಸ್ವಾಮಿಗಳು, ಹಾರೆ ಹಿಡಿದು ನಿಂತಿದ್ದ ಆಳುಗಳು. ಅಲ್ಲಿ ಕೊಯ್ದ ತೊಗರಿಯ ಕೂಳೆಗಳಿದ್ದವು, ಬಿಸಿಲಿತ್ತು, ಬೇರೇನೂ ಇರಲಿಲ್ಲ.

ಶಿವರಾಯನೊಬ್ಬ ಅತ್ತ ತಿರುಗಲಿಲ್ಲ.