ಕಲ್ಲಿಗೆ ಹೇಳಿದ ಹೆಸರು

ಸೂಳೆಕೆರೆಯಿಂದ ಇಳಿದು ಬರೋ ಕಾಲುವೆ ಪಕ್ಕ, ಊರಿಂದ ಸ್ವಲ್ಪ ಹೊರಗೆ, ಒಗೆಯೋ ಕಲ್ಲುಗಳಿದ್ದವು. ಬೆಳಗಾದರೆ ಅಲ್ಲಿ ಬಟ್ಟೆ ಕುಕ್ಕೋ ಸದ್ದು ಊರೊಳಗಿನ ಚಾದಂಗಡಿವರೆಗೂ ಕೇಳುತ್ತಿತ್ತು. ಅಲ್ಲಿ ಕೂತ ಗಂಡಸರು, "ಹೆಂಗಸ್ರ ಪಾಡು ಯಾರಿಗೂ ಬ್ಯಾಡಪ್ಪ," ಅನ್ನೋರು. ನೂರ್‌ಜಹಾನ್‌ಗೆ ಆ ಮಾತು ಕೇಳಿದಾಗೆಲ್ಲ ಒಳಗೊಳಗೇ ನಗು. ಕೌದಿ ಹೊಲಿದು ಹೊಲಿದು ಬೆರಳು ಸೊಟ್ಟಗಾದ ಮುದುಕಿ ಆಕೆ. ಪಾಡೆಲ್ಲ ಮನೆಯೊಳಗೆ, ಕಾಲುವೆ ಹತ್ರ ಇರೋದೇ ಆರಾಮು ಅನ್ನೋದು ಆಕೆಗೆ ಗೊತ್ತಿತ್ತು.

ಆ ಕಲ್ಲಿಗೆ ಒಂದು ಪದ್ಧತಿ. ಯಾರ ಬಟ್ಟೆ ಕುಕ್ಕುತ್ತೀಯೋ ಅವರ ಹೆಸರು ಹೇಳಿ ಕುಕ್ಕಬೇಕು. ಯಾರು ಶುರು ಮಾಡಿದರೋ, ನೂರ್‌ಜಹಾನ್ ಮದುವೆಯಾಗಿ ಬಂದಾಗಲೇ ಇತ್ತು.

"ಯಾರ್ದೇ ಅದು ಅಂತರಘಟ್ಟಮ್ಮ, ಅಷ್ಟು ಜೋರು?"

"ನಮ್ಮ ನಾದಿನೀದು ಕಣವ್ವ. ಹಬ್ಬಕ್ಕೆ ಬಂದೋಳು, ಹೋಗೋ ಮಾತೇ ಎತ್ತವಲ್ಲಳು."

"ಹಂಗಾದ್ರೆ ನನ್ನ ಲೆಕ್ಕದಾಗೂ ಎರಡು ಹಾಕು!"

ನಕ್ಕು ನಕ್ಕು ಕಣ್ಣಲ್ಲಿ ನೀರು ಬರೋದು. ಏಳೋವಾಗ ಎಲ್ಲರೂ, "ಕಲ್ಲಿಗೆ ಹೇಳಿದ್ದು ನೀರಿಗೆ ಹೋತು," ಅಂತ ಸೆರಗು ಕೊಡವೋರು. ಅಲ್ಲಿನ ಮಾತು ಮನೆಗೆ ಒಯ್ಯೋ ಹಂಗಿರಲಿಲ್ಲ. ತಲೆ ಮೇಲೆ ಒದ್ದೆ ಬಟ್ಟೆ ಹೊರೆ ಇದ್ದರೂ ಎದೆ ಹಗುರಾಗಿರೋದು.

ಶಿವಲೀಲಾ ಮಾತ್ರ ಯಾರ ಹೆಸರೂ ಹೇಳುತ್ತಿರಲಿಲ್ಲ. ಓಬಮ್ಮನ ಸೊಸೆ, ಜೆಸಿಬಿ ಓಡಿಸೋ ಪ್ರವೀಣನ ಹೆಂಡತಿ, ನೂರ್‌ಜಹಾನ್ ಮನೆಯ ಹಿಂದಿನ ಬೀದಿ. ಗಂಡನ ಅಂಗಿಯನ್ನು ಕೂಸಿಗೆ ಎರೆದಂಗೆ ಮೆತ್ತಗೆ ತೊಳೆಯೋಳು. ಕೈ ಎತ್ತಿದರೆ ರವಿಕೆ ತೋಳಿನ ಕೆಳಗೆ ಕಪ್ಪು ಕಲೆ ಕಾಣೋದು. ಯಾರೂ ಕೇಳುತ್ತಿರಲಿಲ್ಲ. ಆದರೂ ಒಂದು ದಿನ ತಪ್ಪಿಸುತ್ತಿರಲಿಲ್ಲ. ಕಾಲು ನೀರಿಗೆ ಬಿಟ್ಟು ಕೂತಳೆಂದರೆ ಬಿಗಿದ ಭುಜ ಕೆಳಗಿಳಿಯೋದನ್ನು ನೂರ್‌ಜಹಾನ್ ನೋಡುತ್ತಿದ್ದಳು. "ನೂರಮ್ಮ, ದಿನದಾಗೆ ಇದೊಂದು ತಾಸು ಇಲ್ದಿದ್ರೆ ನಂಗೆ ಉಸಿರೇ ಆಡಂಗಿಲ್ಲ," ಅಂತ ಒಮ್ಮೆ ಅಂದಿದ್ದಳು.

ಉಗಾದಿ ಕಳೆದ ಮೇಲೆ ಒಂದು ಬೆಳಗ್ಗೆ, ಅದೇನಾಯಿತೋ, ಆ ಹುಡುಗಿ ಗಂಡನ ಅಂಗಿಯನ್ನು ತಲೆ ಮೇಲಿಂದೆತ್ತಿ ಕಲ್ಲಿಗೆ ಅಪ್ಪಳಿಸಿದಳು.

"ಇದು ಬೆಲ್ಟಿಂದು," ಅಂದಳು. ಮತ್ತೊಮ್ಮೆ ಅಪ್ಪಳಿಸಿ, "ಇದು ನಮ್ಮಪ್ಪನ್ನ ಬೈದಿದ್ಕೆ. ಪ್ರವೀಣ್ ಕುಮಾರ! ಕೇಳಿಸ್ತೇನೋ?"

ಎಲ್ಲರ ಕೈಗಳೂ ನಿಂತವು. ಆಮೇಲೆ ಅವಳೇ ಕಿಲಕಿಲ ನಕ್ಕಳು. ಆ ನಗು ಇಷ್ಟು ವರ್ಷ ಎಲ್ಲಿತ್ತೋ. ಎಲ್ಲರೂ ಕೂಡಿಕೊಂಡು ನಕ್ಕರು. ನೂರ್‌ಜಹಾನಳ ಸೊಸೆ ಬುಶ್ರಾ ಬಕೀಟಿಗೆ ಫೋನು ಆನಿಸಿ ವಿಡಿಯೊ ಮಾಡುತ್ತಿದ್ದಳು. ಕಾಲುವೆ, ಬಿಸಿಲು, ನಗು ಚೆಂದ ಬಂದಿದೆ ಅಂತ ಸ್ಟೇಟಸ್ಸಿಗೆ ಹಾಕಿದಳು. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಕಲ್ಲಿಗೆ ಹೇಳಿದ್ದು ಆವತ್ತು ನೀರಿಗೆ ಹೋಗಲಿಲ್ಲ, ಸಂಜೆಯೊಳಗೆ ಪ್ರವೀಣನ ಕೈ ಸೇರಿತು.

ಅದಾದ ವಾರದಲ್ಲೇ ಟೆಂಪೋದಲ್ಲಿ ಬಟ್ಟೆ ಒಗೆಯೋ ಮಿಶಿನ್ನು ಬಂತು. ಓಬಮ್ಮ ಅದಕ್ಕೆ ಕುಂಕುಮ ಹಚ್ಚಿ, ಬೀದಿಗೆಲ್ಲ ಪೇಡೆ ಹಂಚಿದಳು. "ಹೆಂಡ್ತಿ ಕೈ ನೋಯಬಾರ್ದು ಅಂತ ನನ್ನ ಮಗ ತಂದಾನೆ. ನಮ್ಮ ಕಾಲದಾಗೆ ಯಾರಿದ್ರವ್ವ ಹಿಂಗೆ?" ಬೀದಿಯೆಲ್ಲ ಹೌದೌದು ಅಂದಿತು. ಪೇಡೆ ಕೈಯಲ್ಲಿ ಹಿಡಿದು ನೂರ್‌ಜಹಾನ್ ಬಾಗಿಲೊಳಗೆ ಇಣುಕಿದಳು. ಶಿವಲೀಲಾ ಅರ್ಧ ಮುಖಕ್ಕೆ ಸೆರಗು ಮುಚ್ಚಿ ನಿಂತಿದ್ದಳು.

ಅವಳು ಮತ್ತೆ ಕಾಲುವೆಗೆ ಬರಲಿಲ್ಲ. ಅಂಗಡಿಗೂ ಬರಲಿಲ್ಲ.

ಒಂದಿನ ಕಾಲುವೆಯಿಂದ ಮನೆಗೆ ಬಂದ ಬುಶ್ರಾ ಫೋನನ್ನು ಅಕ್ಕಿ ಡಬ್ಬಿ ಹಿಂದೆ ಇಟ್ಟು ಅತ್ತಳು. ನೂರ್‌ಜಹಾನ್ ಬೈಯಲಿಲ್ಲ.  ಎದ್ದು ತನ್ನ ಹಾಸಿಗೆ ಮೇಲಿನ ಕೌದಿ ತೆಗೆದಳು. ಹಳೇ ಸೀರೆ, ಪಂಚೆ, ಲಂಗ ಪದರ ಪದರ ಸೇರಿಸಿ ತಾನೇ ಹೊಲಿದಿದ್ದು. ನೀರು ಕುಡಿದರೆ ಅದನ್ನು ಒಬ್ಬರಿಂದ ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು ತಿರುವಿ ಹಿಂಡಬೇಕು. ಅಂಥದ್ದು ಯಾವ ಮಿಶಿನ್ನಿಗೂ ಹಿಡಿಯೋದಿಲ್ಲ ಅನ್ನೋದೇ ಆಕೆಯ ಧೈರ್ಯ. ಅದನ್ನು ಹೊತ್ತು ಓಬಮ್ಮನ ಮನೆಗೆ ಹೋದಳು.

"ಓಬಮ್ಮ, ಇದನ್ನ ಕಾಲುವೇಲೇ ಒಗೀಬೇಕು. ಬುಶ್ರಾಗೆ ಸೊಂಟ ಹಿಡಿದೈತೆ, ನನ್ನ ಕೈ ನೋಡಿದ್ಯಲ್ಲ. ನಾಳೆ ಒಂದಿನ ನಿನ್ನ ಸೊಸೇನ ಕಳಿಸು. ಹಿಂಡಾಕೆ ಅಷ್ಟೇ."

ಓಬಮ್ಮ ಆ ಕಡೆ ಈ ಕಡೆ ನೋಡಿದಳು. "ಇಟ್ಟು ಹೋಗ್ರಿ ನೂರಮ್ಮ. ಅವನು ಬಂದ್ಮೇಲೆ ಕೇಳಿ ಹೇಳ್ತೀನಿ."

ನೂರ್‌ಜಹಾನ್ ಇಟ್ಟು ಬಂದಳು. ಇಡಬಾರದಿತ್ತು.

ಸಂಜೆ ಪ್ರವೀಣನ ದನಿ ಹಿಂದಿನ ಬೀದಿಯಿಂದ ಗೋಡೆ ದಾಟಿ ಬಂತು. "ಮಿಶಿನ್ನಿಗೆ ಹಿಡಿಯಂಗಿಲ್ವಾ? ಕಾಲುವೆಗೆ ಹೋಗಾಕೆ ಇದೊಂದು ನೆಪ! ನಾನು ಹಿಡಿಸಿ ತೋರಿಸ್ತೀನಿ ತಾಳು." ಮಿಶಿನ್ನು ಗುಂಯ್ ಅಂತ ಶುರುವಾಯಿತು. ಆಮೇಲೆ ಧಡ ಧಡ ಬಡಿದುಕೊಂಡಿತು. ಸುಟ್ಟ ರಬ್ಬರಿನ ವಾಸನೆ ಬಂತು. ಮಿಶಿನ್ನು ನಿಂತಿತು.

ಅದು ನಿಂತ ಮೇಲೆ ಇನ್ನೊಂದು ಸದ್ದು ಶುರುವಾಯಿತು. ಅದೇನೆಂದು ಬೀದಿಗೆಲ್ಲ ಗೊತ್ತಿತ್ತು. ಪಕ್ಕದ ಮನೆಯಲ್ಲಿ ಟಿವಿ ದನಿ ಏರಿತು.

ಮಂಡಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ಬೀದಿ ಸುತ್ತಿ ಹೋಗೋ ಹೊತ್ತಿಗೆ ಬಾಗಿಲು ಒಳಗಿಂದ ಹಾಕಿತ್ತು. ನೂರ್‌ಜಹಾನ್ ಎರಡೂ ಕೈಲಿ ಬಡಿದಳು. "ನನ್ನ ಕೌದಿ ಕೊಡ್ರೋ! ಕೌದಿ ಕೊಡ್ರಿ!" ಬೇರೆ ಏನು ಕೂಗಬೇಕೋ ಬಾಯಿಗೆ ಬರಲಿಲ್ಲ. ಬಾಗಿಲು ತೆರೆಯಿತು. ಒದ್ದೆ ಕೌದಿ ಸತ್ತ ಕರುವಿನ ಹಾಗೆ ಅವಳ ಕಾಲ ಮೇಲೆ ಬಿತ್ತು. ಬಾಗಿಲು ಮತ್ತೆ ಮುಚ್ಚಿತು.

ಮುಂದಿನ ಸೋಮವಾರ ಶಿವಲೀಲಾ ಕಾಲುವೆಗೆ ಬಂದಳು. ಬಲಗೈಗೆ ಮೊಣಕೈವರೆಗೂ ಸಿಮೆಂಟ್ ಪಟ್ಟಿ. ಜಾರಿ ಬಿದ್ದಳು ಅಂತ ಸಂತೇಬೆನ್ನೂರಿನ ಆಸ್ಪತ್ರೆಯಲ್ಲಿ ಬರೆಸಿದ್ದರಂತೆ. ಎಡಗೈಯಲ್ಲಿ ಬಕೀಟು.

"ಈ ಕೈಯಾಗೆ ಯಾಕೆ ಬಂದೆ ಮಗಳೇ?" ಅಂತರಘಟ್ಟಮ್ಮ ಕೇಳಿದಳು.

"ಮಿಶಿನ್ ಕೆಟ್ಟೈತಲ್ಲ. ಒಂದು ಕೈ ಐತಲ್ಲ ಅಂದ್ರು."

ಬುಶ್ರಾ ಓಡಿಬಂದು ಬಕೀಟು ಕಿತ್ತುಕೊಂಡಳು. ಅವಳ ಮುಖ ನೋಡೋಕಾಗದೆ ಬಟ್ಟೆ ನೆನೆಸುತ್ತಾ ಬಗ್ಗಿದಳು. ಒಬ್ಬೊಬ್ಬರು ಒಂದೊಂದು ಬಟ್ಟೆ ತೆಗೆದುಕೊಂಡರು. ಶಿವಲೀಲಾ ಎಂದಿನ ಜಾಗದಲ್ಲಿ ಕೂತಳು. ಕಾಲು ನೀರಿಗೆ ಬಿಡಲಿಲ್ಲ, ಮಡಿಸಿಕೊಂಡೇ ಕೂತಳು.

ಪ್ರವೀಣನ ಅಂಗಿ ನೂರ್‌ಜಹಾನ್ ಕೈಗೆ ಬಂತು. ಸೊಟ್ಟ ಬೆರಳಲ್ಲಿ ಬಿಗಿಯಾಗಿ ಹಿಡಿದು ಎತ್ತಿದಳು. "ಹೆಸರು ಹೇಳು ತಾಯಿ. ನಿನ್ನ ಬದ್ಲು ನಾನು ಹಾಕ್ತೀನಿ. ಫೋನು ಯಾರ ಹತ್ರಾನೂ ಇಲ್ಲ."

ಶಿವಲೀಲಾ ದಂಡೆ ಕಡೆ ನೋಡಿದಳು. ರಸ್ತೆ ಕಡೆ ನೋಡಿದಳು. ಆಮೇಲೆ ಬುಶ್ರಾಳ ಬಕೀಟಿನ ಕಡೆ ನೋಡಿದಳು.

"ಮೆತ್ತಗೆ ಒಗೀರಿ ನೂರಮ್ಮ," ಅಂದಳು. "ಗುಂಡಿ ಕಿತ್ತೋದ್ರೆ ಮನೇಲಿ ಕೇಳ್ತಾರೆ."

ಎತ್ತಿದ ಕೈ ಹಂಗೇ ಒಂದು ಗಳಿಗೆ ನಿಂತಿತು. ಆಮೇಲೆ ಇಳಿಯಿತು. ನೂರ್‌ಜಹಾನ್ ಆ ಅಂಗಿಯನ್ನು ಕಲ್ಲಿನ ಮೇಲೆ ಹಾಸಿ, ಒಂದೊಂದು ಗುಂಡಿಯನ್ನೂ ಬೆರಳಲ್ಲಿ ಮುಚ್ಚಿ, ಕೂಸಿಗೆ ಎರೆದಂಗೆ ತೊಳೆದಳು. ನೋಡಿ ನೋಡಿ ಉಳಿದವರೂ ಹಂಗೇ ತೊಳೆದರು. ಏಳೋವಾಗ "ನೀರಿಗೆ ಹೋತು" ಅಂತ ಯಾರೂ ಸೆರಗು ಕೊಡವಲಿಲ್ಲ.

ಅವತ್ತು ಚಾದಂಗಡಿಯವರೆಗೆ ಕಾಲುವೆ ಸದ್ದು ಬರಲಿಲ್ಲ. ಎಲ್ಲರ ಮನೆಗೂ ಮಿಶಿನ್ ಬಂದಿರಬೇಕು ಅಂದುಕೊಂಡರಂತೆ ಗಂಡಸರು.