ಅಡ ಇಡದ ಕಿವಿ

ಆ ಸಂಜೆ ಕನ್ನಡಕದಕ್ಕ ಕೆಲಸ ಮುಗಿಸಿ ಮನೆಗೆ ಬಂದಾಗ ಬಾಗಿಲಿಗೆ ಹಾಕಿದ್ದ ಬೀಗ ಹಾಕಿದಂತೆಯೇ ಇತ್ತು. ಒಳಗೂ ಎಲ್ಲ ಇದ್ದ ಹಾಗೇ ಇತ್ತು. ಕನ್ನಡಿಯ ಪಕ್ಕದ ಮೊಳೆಗೆ ನೇತು ಹಾಕಿದ್ದ ಬೆಳ್ಳಿ ಲೋಲಾಕು ಮಾತ್ರ ಇರಲಿಲ್ಲ. ಮೊಳೆಯ ಕೆಳಗೆ, ಬಾಚಣಿಗೆ ಇಡುವ ಜಾಗದಲ್ಲಿ, ನೀಲಿ ಮಖಮಲ್ಲಿನ ಪುಟ್ಟ ಡಬ್ಬಿಯೊಂದು ಕೂತಿತ್ತು. ತೆರೆದು ನೋಡಿದರೆ ಮೆಣಸಿನ ಕಾಳಿನಷ್ಟೇ ಇದ್ದ ಎರಡು ಮುತ್ತಿನ ಓಲೆ.

ಅವಳಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಕಳ್ಳರು ಬಂದು ಒಂದನ್ನು ಒಯ್ದು ಇನ್ನೊಂದನ್ನು ಇಟ್ಟು ಹೋಗುವುದುಂಟೇ? ಅಷ್ಟರಲ್ಲಿ ಮೊಬೈಲು ಗುಂಯ್ ಎಂದಿತು. ಆಸರೆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಅದೇ ಡಬ್ಬಿಯ ಫೋಟೋ, ಅದರ ಕೆಳಗೆ ಟೀಚರಮ್ಮನ ಬರಹ: "ನಮ್ಮ ಕನ್ನಡಕದಕ್ಕ ಗುಣವಾಗಿ ಇವತ್ತಿಗೆ ವರ್ಷ. ಆ ಜೋಲಾಡುವ ಲೋಲಾಕು ಅಂಗಡಿಗೆ ಕೊಟ್ಟು, ನಾವೆಲ್ಲ ಸೇರಿ ಮೇಲಿಂದ ಒಂದಿಷ್ಟು ಹಾಕಿ, ವಯಸ್ಸಿಗೆ ಒಪ್ಪುವಂಥದ್ದು ತಂದಿದ್ದೇವೆ. ಅವಳು ಬರುವಷ್ಟರಲ್ಲಿ ಇಟ್ಟು ಬಂದಿದ್ದೇನೆ. ಯಾರೂ ಬಾಯಿ ಬಿಡಬೇಡಿ." ಬಾಯಿ ಬಿಡಬೇಡಿ ಎಂದು ಅವಳೇ ಇರುವ ಗುಂಪಿನಲ್ಲಿ ಹಾಕಿದ್ದರು. ಕೆಳಗೆ ಸಾಲುಸಾಲು ಹೃದಯದ ಚಿತ್ರಗಳು, ಚಪ್ಪಾಳೆಗಳು.

ಕನ್ನಡಕದಕ್ಕ ಮಂಚದ ತುದಿಯಲ್ಲಿ ಕೂತಳು. ಅಂಗಾಲಿನಿಂದ ಹತ್ತಿದ ಉರಿ ನೆತ್ತಿಗೆ ಏರಿತು.

ಕನ್ನಡಕದಕ್ಕ ಎಂಬ ಹೆಸರು ಅವಳಿಗೆ ಅವಳಿದ್ದ ಕಟ್ಟಡದವರು ಇಟ್ಟದ್ದು. ಬಸ್ ನಿಲ್ದಾಣದ ಎದುರಿನ ಕನ್ನಡಕದಂಗಡಿಯ ಹಿಂಭಾಗದಲ್ಲಿ ಕೂತು, ಯಂತ್ರಕ್ಕೆ ಗಾಜು ಕೊಟ್ಟು ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ವಯಸ್ಸು ಐವತ್ತೆರಡು. ಗಂಡ ಎಂಬುವವನು ಯಾವ ಕಾಲದಲ್ಲೋ ಕೈಬಿಟ್ಟು ಹೋಗಿದ್ದ. ಅಣ್ಣ ಇದ್ದ, ಫೋನಿನಲ್ಲಿ. ಹೀಗೆ ಒಬ್ಬಳೇ ಇದ್ದವಳಿಗೆ ಎರಡು ವರ್ಷದ ಹಿಂದೆ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಕೈ ಹಿಡಿದದ್ದು ಆಸರೆ ಬಳಗ. ಅದು ದೊಡ್ಡ ಸಂಸ್ಥೆಯೇನಲ್ಲ. ಅದೇ ಕಟ್ಟಡದ, ಅಕ್ಕಪಕ್ಕದ ಬೀದಿಯ ಹತ್ತು ಹನ್ನೆರಡು ಹೆಂಗಸರು. ಯಾರಾದರೂ ಹಾಸಿಗೆ ಹಿಡಿದರೆ ಸರದಿಯ ಮೇಲೆ ಊಟ ಕೊಡುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ಬಟ್ಟೆ ಒಗೆದು ಹಾಕುವುದು. ಅದನ್ನು ಕಟ್ಟಿದವರು ಎರಡನೇ ಮಹಡಿಯ ಟೀಚರಮ್ಮ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ನಿವೃತ್ತಿ ಶಾಲೆಗೆ ಮಾತ್ರ ಆಗಿತ್ತು, ಅವರಿಗೆ ಆಗಿರಲಿಲ್ಲ.

ಅವರು ಮಾಡಿದ್ದು ಸಣ್ಣ ಕೆಲಸವಲ್ಲ. ಕನ್ನಡಕದಕ್ಕ ಅದನ್ನು ಯಾವತ್ತೂ ಅಲ್ಲಗಳೆದವಳಲ್ಲ. ಆಸ್ಪತ್ರೆಯಲ್ಲಿ ನರಕ್ಕೆ ಔಷಧ ಏರಿಸಿಕೊಂಡು ಬಂದ ರಾತ್ರಿಗಳಲ್ಲಿ ಕರುಳೇ ಕಿತ್ತು ಬರುವಂತೆ ವಾಂತಿಯಾಗುವಾಗ ಬಕೆಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಅವಳ ಹಣೆ ಹಿಡಿದು ಕೂತವರು ಟೀಚರಮ್ಮ. ಕೂದಲು ಹಿಡಿಹಿಡಿಯಾಗಿ ಉದುರಿದಾಗ ದಿಂಬಿನ ಮೇಲಿಂದ ಅದನ್ನು ಬಳಿದು ತೆಗೆದವಳು ಬಳಗದ ಇನ್ನೊಬ್ಬಳು, ಅದೇ ಬೀದಿಯ ಬೇಕರಿಯವಳು. ಬಂದು ಹೋಗಲು ಅನುಕೂಲವಾಗಲಿ ಎಂದು ಕನ್ನಡಕದಕ್ಕನೇ ತನ್ನ ಮನೆಯ ಇನ್ನೊಂದು ಬೀಗದ ಕೈ ಟೀಚರಮ್ಮನಿಗೆ ಕೊಟ್ಟಿದ್ದಳು. ಗುಣವಾದ ಮೇಲೆ ಅದು ವಾಪಸು ಬರಲಿಲ್ಲ. ಕೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

ಕೂದಲು ಮತ್ತೆ ಬಂತು, ಆದರೆ ಬೇರೆಯೇ ಬಗೆಯಲ್ಲಿ. ಮೊದಲು ಕಿವಿ ಮುಚ್ಚುವಂತೆ ಬಾಚುತ್ತಿದ್ದ ಉದ್ದ ಜಡೆಯ ಬದಲು ಬೆರಳುದ್ದದ ಬೆಳ್ಳಗಿನ ಗುಂಗುರು. ಮೊದಲ ಬಾರಿಗೆ ಅವಳ ಕಿವಿಗಳು ಲೋಕಕ್ಕೆ ಕಂಡವು. ಮತ್ತೆ ಕೆಲಸಕ್ಕೆ ಸೇರಿ ಸಂಬಳ ಕೈಗೆ ಬಂದಾಗ ಅವಳು ಹೋಗಿದ್ದು ಸಂತೆ ಬೀದಿಯ ಬೆಳ್ಳಿ ಅಂಗಡಿಗೆ. ಸಣ್ಣ ಓಲೆ ತೋರಿಸಲು ಹೋದ ಅಂಗಡಿಯವನನ್ನು ತಡೆದು ಕಿಟಕಿಯಲ್ಲಿ ತೂಗುತ್ತಿದ್ದ ಲೋಲಾಕನ್ನು ಬೊಟ್ಟು ಮಾಡಿದ್ದಳು. ಸುತ್ತಿಗೆಯಿಂದ ಬಡಿದ ಎಲೆಯಾಕಾರದ ತಗಡು, ತುದಿಯಲ್ಲಿ ಕೆಂಪು ಕಲ್ಲು, ತಿರುಗಿದರೆ ಕತ್ತಿಗೆ ತಾಗುವಷ್ಟು ಉದ್ದ.

ಅಂಗಡಿಯವನು ನಕ್ಕಿದ್ದ. "ಕಾಲ ತಲೆಕೆಳಗಾಗಿದೆ ಅಕ್ಕ. ಹುಡುಗೀರು ಬಂದ್ರೆ ಸಾಸಿವೆ ಕಾಳಷ್ಟು ಕೇಳ್ತಾರೆ, ಕಿವಿಗೆ ಹಾಕಿದ್ದು ಅವ್ರಿಗೇ ಗೊತ್ತಾಗ್ಬಾರ್ದು. ಐವತ್ತು ದಾಟಿದೋರೇ ಈಗ ದೊಡ್ಡದು ಬೇಕು ಅಂತಾರೆ. ಇಡೀ ಪೇಟೇಲಿ ಅದೇ ಟ್ರೆಂಡು."

"ಇಷ್ಟು ದಿನ ಬೇರೆಯೋರ ಕಣ್ಣಿಗೆ ಬೀಳ್ಬಾರ್ದು ಅಂತ ಬದುಕಿದ್ದಾಯ್ತಲ್ಲ," ಎಂದು ಅವಳೂ ನಕ್ಕಿದ್ದಳು.

ಯಂತ್ರದ ಹತ್ತಿರ ಜೋಲಾಡುವ ಒಡವೆ ಹಾಕುವಂತಿಲ್ಲವಾದ್ದರಿಂದ ಕೆಲಸಕ್ಕೆ ಬೋಳು ಕಿವಿಯಲ್ಲೇ ಹೋಗುತ್ತಿದ್ದಳು. ಮನೆಗೆ ಬಂದು ಕೈಕಾಲು ತೊಳೆದು ಲೋಲಾಕು ಏರಿಸಿಕೊಂಡು ಹಾಲು ತರಲು ಹೊರಡುತ್ತಿದ್ದಳು. ಮಾತು ಶುರುವಾದದ್ದು ಆಗಲೇ. "ಕಾಯಿಲೆಯಿಂದ ಎದ್ದೋಳು ಕಣೆ ನೀನು, ಸ್ವಲ್ಪ ಸಪ್ಪೆಯಾಗಿದ್ರೇ ಚೆನ್ನ," ಎಂದಳು ಬೇಕರಿಯವಳು. "ನಿನ್ನನ್ನ ನೋಡಿ ಬೇರೆ ರೋಗಿಗಳು ಧೈರ್ಯ ತಂದ್ಕೋಬೇಕು, ಗಾಬರಿಯಾಗ್ಬಾರ್ದು," ಎಂದರು ಟೀಚರಮ್ಮ. ಅವಳು ಹಲ್ಲು ಕಚ್ಚಿ ನಕ್ಕು ಹಾಲು ತರಲು ನಡೆದಳು. ಬಕೆಟ್ಟು ಹಿಡಿದವರಿಗೆ ಎದುರಾಡುವುದು ಹೇಗೆ?

ಈಗ, ಮುಚ್ಚಳದೊಳಗೆ ಅದೇ ಬೆಳ್ಳಿ ಅಂಗಡಿಯ ಹೆಸರಿದ್ದ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು, ತೊಟ್ಟ ಬಟ್ಟೆಯಲ್ಲೇ ಸಂತೆ ಬೀದಿಗೆ ಹೊರಟಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಅವರು ಬಾಗಿಲು ತೆರೆದು ಒಳಗೆ ಬಂದಿದ್ದರು. ಅವಳ ಕನ್ನಡಿಯ ಮುಂದೆ ನಿಂತಿದ್ದರು. ಮೊಳೆಗೆ ಕೈ ಹಾಕಿದ್ದರು. ಅವಳು ಅಂಗಡಿಯಲ್ಲಿ ಯಾರದೋ ಗಾಜು ಉಜ್ಜುತ್ತಿದ್ದಾಗ, ಇಲ್ಲಿ ಅವಳ ವಯಸ್ಸಿಗೆ ಒಪ್ಪುವಂಥದ್ದನ್ನು ಅವರು ತೀರ್ಮಾನಿಸುತ್ತಿದ್ದರು.

ಬೆಳ್ಳಿ ಅಂಗಡಿಯವನು ಅವಳ ಮುಖ ನೋಡುತ್ತಲೇ ಎದ್ದು ನಿಂತ.

"ನನ್ನ ಲೋಲಾಕು ಕೊಡಿ," ಎಂದಳು.

"ನೀವೇ ಕಳ್ಸಿದ್ದು ಅಂದ್ರು ಟೀಚರು..."

"ನಾನು ಕಳ್ಸಿದ್ದು ಅಂತ ಬಾಯಿ ಮಾತಲ್ಲಿ ಹೇಳಿದ ತಕ್ಷಣ ತಗೊಂಡುಬಿಟ್ರಾ? ನನ್ನ ನಂಬರ್ ಇರ್ಲಿಲ್ವಾ ನಿಮ್ಮ ಹತ್ರ?"

"ಇಡೀ ಬೀದಿಗೇ ಗೊತ್ತಿರೋ ಹೆಂಗಸು ಅಕ್ಕ, ಅನುಮಾನ ಪಡೋದು ಹೇಗೆ?" ಅವನು ಗಲ್ಲ ಕೆರೆದುಕೊಂಡ. "ಈಗ ಅದು ಇಲ್ಲ. ಮಧ್ಯಾಹ್ನ ಕಿಟಕೀಲಿ ಹಾಕಿದ್ದೆ, ಒಬ್ರು ಕಣ್ಣು ಹಾಕಿ ಹಾಗೇ ಕಿವಿಗೆ ಏರಿಸ್ಕೊಂಡು ಹೋದ್ರು. ಯಾರೋ ಗೊತ್ತಿಲ್ಲ. ನಿಮ್ಮದೇ ವಯಸ್ಸಿನೋರು."

ಅವಳಿಗೆ ಕಿರುಚಬೇಕು ಅನ್ನಿಸಿತು. ಹೋದದ್ದು ಒಂದು ಜೊತೆ ಬೆಳ್ಳಿ ತಗಡು. ಆದರೆ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆಂದು ಓಲೆ ಬಿಚ್ಚಿಸಿದ ಮೇಲೆ ಅರ್ಧ ಮುಚ್ಚಿಹೋದ ಕಿವಿತೂತನ್ನು ನೋವು ತಿಂದು ಮತ್ತೆ ತೆರೆಸಿಕೊಂಡವಳು ಅವಳು. ಅದನ್ನು ಅಂಗಡಿಯವನಿಗೆ ಹೇಳಿ ಏನು ಪ್ರಯೋಜನ?

"ಅಂಥದ್ದೇ ಇನ್ನೊಂದು ಮಾಡಿಸಿಕೊಡ್ತೀನಿ," ಎಂದ ಅವನು ಮೆತ್ತಗೆ. "ತಪ್ಪು ನಂದೇ."

"ಅಂಥದ್ದು ಬೇಡ. ಅದಕ್ಕಿಂತ ದೊಡ್ಡದು ಇದ್ಯಾ?"

ಅವನು ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಒಳಗಿನಿಂದ ಒಂದು ಜೊತೆ ತಂದ. ಅಂಗೈಯಗಲದ ಬಳೆಯಂಥ ಸುತ್ತು, ಅದರೊಳಗೆ ಇನ್ನೊಂದು ಸುತ್ತು, ನಡುವೆ ಹಸಿರು ಗಾಜಿನ ಹನಿಗಳು. ಯಾರೂ ಕೊಳ್ಳುವುದಿಲ್ಲವೆಂದು ಮೂಲೆಗೆ ಹಾಕಿದ್ದಂತೆ. ಕನ್ನಡಕದಕ್ಕ ಅಲ್ಲೇ ಹಾಕಿಕೊಂಡಳು. ಮುತ್ತಿನ ಡಬ್ಬಿಯನ್ನು ಗಾಜಿನ ಮೇಲೆ ತಳ್ಳಿದಳು.

"ಇದನ್ನ ವಾಪಸು ತಗೊಳ್ಳಿ. ಅವರು ಮೇಲಿಂದ ಹಾಕಿದ್ದನ್ನ ಅವರಿಗೇ ಮುಟ್ಟಿಸಿ. ನನ್ನ ಲೋಲಾಕಿಗೆ ನಾನೀಗ ಹಾಕ್ಕೊಂಡಿರೋದು ಸರಿಹೋಯ್ತು."

ಅವನು ಡಬ್ಬಿಯನ್ನು ಎತ್ತಿ ಒಳಗಿಟ್ಟ.

ಆಸರೆ ಬಳಗ ಸೇರುತ್ತಿದ್ದದ್ದು ಕಟ್ಟಡದ ನೆಲಮಹಡಿಯ ಕೋಣೆಯಲ್ಲಿ, ಸೈಕಲ್ಲುಗಳು, ಹಳೇ ಬಣ್ಣದ ಡಬ್ಬಗಳ ನಡುವೆ. ಮಾರನೇ ಸಂಜೆ ಸಭೆಯಿತ್ತು. ಹಿಂದಿನ ಬೀದಿಯ ಚಪ್ಪಲಿ ಹೊಲಿಯುವ ತಾತನಿಗೆ ಮೂತ್ರಪಿಂಡ ಕೆಟ್ಟಿತ್ತು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಕರೆದೊಯ್ಯುವ ಸರದಿ ಹಂಚಬೇಕಿತ್ತು. ಕನ್ನಡಕದಕ್ಕ ಒಳಗೆ ಬಂದಾಗ ಮಾತು ನಿಂತಿತು. ಎಲ್ಲರ ಕಣ್ಣೂ ಅವಳ ಕಿವಿಗೆ ಹೋಯಿತು.

"ಇದೇನೇ ಇದು, ಬಾಗಿಲಿಗೆ ಹಾಕೋ ಕಡಗದ ಥರ," ಎಂದಳು ಬೇಕರಿಯವಳು, ಅರ್ಧ ನಗುತ್ತಾ.

"ಮುತ್ತು ಎಲ್ಲಿ?" ಎಂದರು ಟೀಚರಮ್ಮ.

"ಅಂಗಡೀಲಿ. ನನ್ನ ಲೋಲಾಕನ್ನ ನೀವು ಬಿಟ್ಟು ಬಂದ್ರಲ್ಲ, ಅಲ್ಲೇ."

"ಪ್ರೀತಿಯಿಂದ ಮಾಡಿದ್ದನ್ನ ಹೀಗೆ ಎಸೀತಾರಾ?"

"ಪ್ರೀತಿಯಿಂದ ನನ್ನ ಮನೆ ಬಾಗಿಲು ತೆಗೆದು, ನನ್ನ ಸಾಮಾನು ಎತ್ಕೊಂಡು ಹೋಗಿ ಮಾರಿದ್ರಿ ಟೀಚರ್. ಬೇರೆ ಯಾರಾದ್ರೂ ಮಾಡಿದ್ರೆ ಅದಕ್ಕೆ ಬೇರೆ ಹೆಸರಿದೆ."

ಕೋಣೆಯಲ್ಲಿ ಯಾರೋ ಕೆಮ್ಮಿದರು. ಟೀಚರಮ್ಮನ ಮುಖ ಕೆಂಪಾಯಿತು. ಬೇಕರಿಯವಳು ಎದ್ದು ನಿಂತಳು.

"ನಾಲಿಗೆ ಮೇಲೆ ಹಿಡಿತ ಇರ್ಲಿ. ನಿನ್ನ ವಾಂತಿ ಬಳಿದೋರು ನಾವು. ಅಂಗಡಿ ಮುಚ್ಕೊಂಡು ನಿನಗೆ ಗಂಜಿ ಮಾಡಿ ತಂದಿದ್ದೀನಿ. ಆಗ ನಿನಗೆ ನಿನ್ನ ಮನೆ, ನಿನ್ನ ಬಾಗಿಲು ಅಂತ ಜ್ಞಾಪಕ ಬರ್ಲಿಲ್ವಾ?"

ಅದೇ ಮಾತು ಬರುತ್ತದೆಂದು ಕನ್ನಡಕದಕ್ಕನಿಗೆ ಗೊತ್ತಿತ್ತು. ಇಡೀ ರಾತ್ರಿ ಅದಕ್ಕೇ ಕಾದಿದ್ದಳು.

"ಬಳಿದ್ರಿ. ಗಂಜಿ ತಂದ್ರಿ. ನೀವಿಲ್ದಿದ್ರೆ ನಾನು ಇವತ್ತು ಇಲ್ಲಿ ನಿಂತಿರ್ತಿರ್ಲಿಲ್ಲ. ಎಲ್ಲಿ ಬೇಕಾದ್ರೂ ಹೇಳ್ತೀನಿ, ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಆದ್ರೆ ಅದಕ್ಕೆ ನನ್ನ ಕಿವೀನ ನಾನು ನಿಮ್ಮ ಹತ್ರ ಅಡ ಇಟ್ಟಿಲ್ಲ." ಅವಳ ದನಿ ಏರಲಿಲ್ಲ, ಗಟ್ಟಿಯಾಯಿತು. "ನಾನು ಹಾಸಿಗೇಲಿದ್ದಾಗ ನಿಮಗೆ ಇಷ್ಟ ಆಗಿದ್ದೆ. ಎದ್ದು ಓಡಾಡೋಕೆ ಶುರು ಮಾಡಿದ್ಮೇಲೆ ಆಗ್ತಿಲ್ಲ. ಇನ್ನೂ ರೋಗಿ ಹಾಗೇ ಇರ್ಲಿ, ನೋಡಿದೋರು ಅಯ್ಯೋ ಪಾಪ ಅನ್ಲಿ ಅಂತ ನಿಮಗೆ ಆಸೆ. ನಾನು ಗುಣ ಆಗಿದ್ದೀನಿ. ಸಪ್ಪೆಯಾಗಿರೋಕೆ ಅಲ್ಲ ನಾನು ಅಷ್ಟು ಔಷಧ ಏರಿಸ್ಕೊಂಡಿದ್ದು."

ಟೀಚರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಆಮೇಲೆ ಅವರು ಹೇಳಿದ ಮಾತಿನಲ್ಲಿ ಹೆಡ್‌ಮಿಸ್ಟ್ರೆಸ್ಸಿನ ಗತ್ತು ಇರಲಿಲ್ಲ.

"ನೀನು ಅದನ್ನ ಹಾಕ್ಕೊಂಡು ಮೆಟ್ಟಿಲಿಳಿದು ಹೋಗೋವಾಗೆಲ್ಲ ನನಗೆ ಎದೆ ಧಸಕ್ ಅನ್ನುತ್ತೆ. ಇವಳು ಇಷ್ಟು ಬೇಗ ಮರೆತುಬಿಟ್ಲಲ್ಲ, ಆ ಕಾಯಿಲೆ ಮತ್ತೆ ಬಂದ್ರೆ ಅಂತ. ನಿನ್ನ ಹಣೆ ಹಿಡ್ಕೊಂಡಿದ್ದು ಈ ಕೈ. ನನಗೆ ಮರೆಯೋಕೆ ಆಗಿಲ್ಲ."

"ನಾನೂ ಮರೆತಿಲ್ಲ ಟೀಚರ್. ಮರೆತಿಲ್ಲ ಅಂತಾನೇ ಹಾಕ್ಕೊಳ್ಳೋದು."

ಒಂದು ಕ್ಷಣ ಅವಳ ಕೋಪ ಸಡಿಲಾಯಿತು. ಅಲ್ಲೇ ಕೂತು ಆ ಹೆಂಗಸಿನ ಕೈ ಹಿಡಿದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಮುಗಿದರೆ ನಾಳೆ ಅವರು ಮತ್ತೆ ತನ್ನ ಮನೆ ಬಾಗಿಲು ತೆರೆಯುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು. ಕೈ ಚಾಚಿದಳು, ಅಂಗೈ ಮೇಲೆ ಮಾಡಿ.

"ನನ್ನ ಮನೆ ಬೀಗದ ಕೈ ಕೊಡಿ."

ಟೀಚರಮ್ಮ ಕೂಡಲೇ ಕೊಡಲಿಲ್ಲ. ಸೊಂಟದ ಗೊಂಚಲನ್ನು ತೆಗೆದು, ಅದರಲ್ಲಿದ್ದ ಬೀಗದ ಕೈಗಳನ್ನು ಒಂದೊಂದಾಗಿ ಸರಿಸಿದರು. ಗೊಂಚಲಿನಲ್ಲಿ ಎಷ್ಟೊಂದು ಕೈಗಳಿದ್ದವು ಎಂಬುದು ಎಲ್ಲರಿಗೂ ಕಂಡಿತು. ಕೊನೆಗೆ ಒಂದನ್ನು ಬಿಡಿಸಿ ಅವಳ ಅಂಗೈಗೆ ಹಾಕಿದರು. ಆಗ ಹಿಂದಿನ ಸಾಲಿನಿಂದ ಒಂದು ದನಿ ಬಂತು. ಒಂದನೇ ಮಹಡಿಯ ನರ್ಸಮ್ಮ. ಅವಳ ತಾಯಿ ಜಾರಿಬಿದ್ದು ಸೊಂಟ ಮುರಿದುಕೊಂಡಾಗ ಬಳಗ ನೆರವಾಗಿತ್ತು.

"ಟೀಚರ್, ನಮ್ಮದೂ ಇದ್ರೆ ಕೊಟ್ಬಿಡಿ. ಅಮ್ಮ ಮನೇಲಿದ್ದಾಗ ಯಾರೋ ದಿಢೀರ್ ಅಂತ ಒಳಗೆ ಬಂದ್ರೆ ಹೆದರ್ಕೋತಾರೆ. ಹೇಳೋಕೆ ಆಗ್ತಿರ್ಲಿಲ್ಲ."

ಕನ್ನಡಕದಕ್ಕ ಮುಂದಿನದನ್ನು ನೋಡಲು ನಿಲ್ಲಲಿಲ್ಲ. ಸೈಕಲ್ಲುಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದಳು. ಮನೆಯೊಳಗೆ ಹೋಗಿ ಬಾಗಿಲು ಹಾಕಿ, ತಣ್ಣೀರು ಕುಡಿದು, ಕೆಟ್ಟದಾಗಿ ಅತ್ತಳು. ಅತ್ತಾದ ಮೇಲೂ ಕೋಪ ಇಳಿದಿರಲಿಲ್ಲ.

ಆಮೇಲೆ ಕೆಲವು ವಾರ ಕಟ್ಟಡದಲ್ಲಿ ಬಿಗುಮಾನ. ವಾಟ್ಸಾಪ್ ಗುಂಪಿನಿಂದ ಅವಳು ಹೊರಬಂದಳು. ಬೇಕರಿಯವಳು ಅವಳು ಹೋದರೆ ಬೇರೆ ಗಿರಾಕಿಯ ಕಡೆ ತಿರುಗುತ್ತಿದ್ದಳು. ಕನ್ನಡಕದಕ್ಕ ಬ್ರೆಡ್ಡನ್ನು ಎರಡು ಬೀದಿ ಆಚೆಯಿಂದ ತರತೊಡಗಿದಳು. ಯಾರೋ ಕೃತಘ್ನೆ ಅಂದರಂತೆ. ಯಾರೋ ಸರಿಯಾಗಿ ಹೇಳಿದಳು ಅಂದರಂತೆ. ಎರಡೂ ಮಾತು ಅವಳ ತನಕ ಉಪ್ಪು ಖಾರ ಹಚ್ಚಿಕೊಂಡೇ ಬಂದವು. ಮೆಟ್ಟಿಲಲ್ಲಿ ಟೀಚರಮ್ಮ ಎದುರಾದರೆ ಇಬ್ಬರೂ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು, ಯಾರು ಮೊದಲು ಹೋಗಬೇಕೆಂದು ತಿಳಿಯದೆ.

ಒಂದು ಬೆಳಗ್ಗೆ, ಅವಳು ಯಂತ್ರದ ಮುಂದೆ ಕೂತಿದ್ದಾಗ ಫೋನು ಬಂತು. ಟೀಚರಮ್ಮ.

"ನಾಳೆ ತಾತನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಯಾರೂ ಇಲ್ಲ. ನನಗೆ ಮಂಡಿ ಹಿಡ್ಕೊಂಡಿದೆ. ನಿನಗೆ ರಜ ಇರೋ ದಿನ ಅಂತ ನೆನಪಾಯ್ತು."

ಕನ್ನಡಕದಕ್ಕ ಯಂತ್ರ ನಿಲ್ಲಿಸಿದಳು. ಕೇಳಿದ್ದು ಅಪ್ಪಣೆಯಲ್ಲ, ಕ್ಷಮೆಯೂ ಅಲ್ಲ. ಆಸ್ಪತ್ರೆಯ ಆ ಉದ್ದ ಬೆಂಚು, ಔಷಧದ ವಾಸನೆ, ತಿರುಗುವ ಫ್ಯಾನು ಅವಳ ಕಣ್ಣ ಮುಂದೆ ಬಂದವು. ಅಲ್ಲಿ ಒಬ್ಬರೇ ಕೂರುವುದು ಏನೆಂದು ಅವಳಿಗೆ ಗೊತ್ತಿತ್ತು. ಯಾರದೋ ಮೇಲಿನ ಸಿಟ್ಟನ್ನು ಆ ತಾತನ ಮೇಲೆ ತೀರಿಸಿಕೊಳ್ಳುವವಳು ಅವಳಲ್ಲ.

"ಹೋಗ್ತೀನಿ," ಎಂದಳು. "ಆದ್ರೆ ನನ್ನ ಕೋಪ ಹೋಗಿಲ್ಲ ಟೀಚರ್."

"ನಂದೂ ಹೋಗಿಲ್ಲ," ಎಂದರು ಆ ಕಡೆಯಿಂದ. ಆಮೇಲೆ ಸೇರಿಸಿದರು, "ತಾತನಿಗೆ ಕಿವಿ ಮಂದ. ಬಾಗಿಲು ಜೋರಾಗಿ ತಟ್ಟು. ಅವರೇ ಬಂದು ತೆಗೀತಾರೆ."